ಕೆಂಪು ಗೆರೆಗೆ ತಿರುಗಿಸಿದ ಕೈ

ಚಾಕುವಿನ ತುದಿಗೆ ಏನೋ ತಾಗಿತು. ಮೊಳೆಯಾಗಿದ್ದರೆ ಕಿರ್ರೆನ್ನುತ್ತಿತ್ತು. ಇದು ಸದ್ದಿಲ್ಲದೆ ತುದಿಯನ್ನು ಒಳಗೆ ಬಿಟ್ಟುಕೊಂಡಿತು. ಸೀಸ!

ಓರ್ವಿಲ್‌ನ ಶೆಡ್ಡಿನ ಹಿಂಗೋಡೆಯ ಮುಂದೆ ಮೊಣಕಾಲೂರಿ ಕೂತು ನಾನು ಅದರ ದಿಮ್ಮಿ ಕೆತ್ತುತ್ತಿದ್ದೆ. ಗೋಡೆಗೆ ಅವನ ತೊಗಲಿನ ಏಪ್ರನ್ ನೇತಾಡುತ್ತಿತ್ತು. ವರ್ಷಗಟ್ಟಲೆ ಕರಗಿದ ಸೀಸ ಸಿಡಿದು ಅದರ ತುಂಬಾ ತೂತು. ಅಷ್ಟು ತೂತುಗಳಲ್ಲಿ ಗುಂಡಿನದೂ ಒಂದು ಹೆಚ್ಚಾದರೆ ನಮ್ಮ ಶೆರಿಫ್‌ನ ಕಣ್ಣಿಗೆ ಹೇಗೆ ಕಾಣಬೇಕು? ಗುಂಡು ತೆರೆದ ಬಾಗಿಲಿಂದ ಹಾರಿ ಹಿಮದಲ್ಲಿ ಹೂತುಹೋಗಿದೆ ಎಂದು ಹೇಳಿ ಆ ಮನುಷ್ಯ ಊಟಕ್ಕೆ ಹೋಗಿದ್ದ.

ಶನಿವಾರ ಇದೇ ಶೆಡ್ಡಿನಲ್ಲಿ ಮುದುಕ ಓರ್ವಿಲ್‌ನನ್ನು ಯಾರೋ ಕೊಂದರು. ಹೆಣದ ಪಕ್ಕ ನಿಂತಿದ್ದ ತಪ್ಪಿಗೆ ನನ್ನ ತಮ್ಮ ನೆಲ್ಸ್ ಲಾಕಪ್ಪಿನಲ್ಲಿದ್ದ. ನಾಳೆ ಅವನನ್ನು ನ್ಯಾಯಾಧೀಶರ ಮುಂದೆ ನಿಲ್ಲಿಸುತ್ತಾರೆ.

ನಾನು ಶೆರಿಫ್‌ನ ಕೈಕೆಳಗಿನ ಡೆಪ್ಯುಟಿ. ಆಗಿದ್ದೆ ಎನ್ನಬೇಕು. ತಮ್ಮನನ್ನು ಹಿಡಿದ ದಿನವೇ ನನ್ನ ಬಿಲ್ಲೆಯನ್ನೂ ಸರ್ಕಾರಿ ಪಿಸ್ತೂಲನ್ನೂ ಮೇಜಿನ ಮೇಲೆ ಇಡಿಸಿಕೊಂಡು, "ಮನೇಲಿರು ರೊವೀನಾ" ಎಂದು ಕಳಿಸಿದ್ದರು. ಇವತ್ತು ಶೆಡ್ಡಿಗೆ ಹಾಕಿದ ಪೊಲೀಸ್ ಸೀಲು ಒಡೆದು ಒಳಗೆ ಬಂದಿದ್ದೆ. ಸಿಕ್ಕಿಬಿದ್ದರೆ ನೆಲ್ಸ್‌ನ ಪಕ್ಕದ ಕೋಣೆ ನನಗೆ.

ಚಾಕುವನ್ನು ಮೀಟಿದೆ. ಸೀಸದ ಉಂಡೆ ಅಂಗೈಗೆ ಬಿತ್ತು. ಅದರ ಮೇಲೆ ಕಂದು ಬಣ್ಣದ ಮೇಣ ಇನ್ನೂ ಅಂಟಿತ್ತು, ಜೇನಿನ ವಾಸನೆ ಬರುತ್ತಿತ್ತು. ಆದರೆ ತೂಕ ಸರಿಯಿರಲಿಲ್ಲ. ನಮ್ಮಪ್ಪ ಸೀಸ ಕರಗಿಸುವಾಗ ಪಕ್ಕದಲ್ಲಿ ಕೂತು ಬೆಳೆದವಳು ನಾನು. ಒಂದು ಗುಂಡು ಕೈಯಲ್ಲಿ ಎಷ್ಟು ಭಾರ ಎನ್ನುವುದು ಗೊತ್ತಿತ್ತು. ಇದು ಅದಕ್ಕಿಂತ ತುಂಬಾ ಹೆಚ್ಚು.

ಅಷ್ಟರಲ್ಲಿ ಹೊರಗೆ ಹಿಮ ಕರಕರ ಎಂದಿತು. ಬೂಟಿನ ಸದ್ದು.

ಹೋದ ವಾರ ಬಿಲ್ಲಿಂಗ್ಸ್ ಪಟ್ಟಣದಲ್ಲಿ ದವಡೆಹಲ್ಲು ಕೀಳಿಸಿಕೊಂಡಿದ್ದೆ. ಹೆದರಿಕೆಯಾದಾಗಲೆಲ್ಲ ನಾಲಿಗೆ ತಾನೇ ತಾನಾಗಿ ಆ ಗುಳಿಗೆ ಹೋಗುತ್ತಿತ್ತು. ಈಗಲೂ ಹೋಯಿತು. ಉಂಡೆಯನ್ನು ಕೈಗವಸಿನೊಳಗೆ ತುರುಕಿ, ಕೋಟಿನಡಿ ಸೊಂಟಕ್ಕೆ ಕೈ ಹಾಕಿದೆ. ಅಲ್ಲಿದ್ದದ್ದು ನನ್ನ ಗಂಡ ಗಾರ್ತ್‌ನ ರಿವಾಲ್ವರ್. ಸರ್ಕಾರದವರು ನನ್ನದನ್ನು ಕಿತ್ತುಕೊಂಡ ಸಂಜೆ, "ಕೊಲೆಗಾರ ಇನ್ನೂ ಹೊರಗಿದಾನೆ ರೋ, ನೀನು ಬರಿಗೈಲಿ ಓಡಾಡಬೇಡ" ಎಂದು ತನ್ನದನ್ನೇ ನನ್ನ ಸೊಂಟಕ್ಕೆ ಕಟ್ಟಿದ್ದ. ಒರೆಗೆ ಹೊಸದಾಗಿ ಜೇನುಮೇಣ ತಿಕ್ಕಿದ್ದನೋ ಏನೋ, ಘಮ್ಮೆನ್ನುತ್ತಿತ್ತು. ಅಷ್ಟು ಅಕ್ಕರೆ ನೋಡಿ ಆವತ್ತು ಅತ್ತುಬಿಟ್ಟಿದ್ದೆ.

ಬಾಗಿಲು ತೆರೆಯಿತು. ಹೊರಗಿನ ಬಿಸಿಲು ಹಿಮದ ಮೇಲೆ ಬಿದ್ದು ಕಣ್ಣು ಕುಕ್ಕಿತು. ಆ ಬೆಳಕಿನಲ್ಲಿ ಮೊದಲು ಕಂಡದ್ದು ಅಗಲವಾದ ಹೆಗಲು, ಆಮೇಲೆ ಸೊಂಟದ ಬಂದೂಕು, ಕೊನೆಗೆ ಮುಖ.

ಹೈರಮ್ ಸ್ಟಬ್. ನಮ್ಮೂರಿನ ಬಂದೂಕು ರಿಪೇರಿಯವನು. ನಾನು ಯಾರ ಮೇಲೆ ಅನುಮಾನ ಪಟ್ಟು ಇಲ್ಲಿಗೆ ಬಂದಿದ್ದೆನೋ ಅವನೇ.

ಒಳಗೆ ಬಂದವನು ಹಿಂದೆ ತಿರುಗಿ ಬಾಗಿಲ ಅಗುಳಿ ಹಾಕಿದ.

"ಎದ್ದೇಳು ಹುಡುಗಿ. ನೆಲ ತಣ್ಣಗಿದೆ. ಕೈ ಮಾತ್ರ ನಂಗೆ ಕಾಣೋ ಹಾಗಿರ್ಲಿ."

"ಅಗುಳಿ ಯಾಕ್ ಹಾಕಿದ್ರಿ?"

"ಯಾಕೆ, ನಿನ್ನ ಕೇಳಿ ಹಾಕ್ಬೇಕಿತ್ತಾ? ಸೀಲ್ ಒಡೆಯೋವಾಗ ನೀನು ಯಾರನ್ನ ಕೇಳ್ದೆ?"

ಎದ್ದು ನಿಂತೆ. ಬಾಗಿಲಿಗೂ ನನಗೂ ನಡುವೆ ಇವನು. ಹಿಂಬಾಗಿಲಿಗೆ ಶೆರಿಫ್ ಹಲಗೆ ಹೊಡೆಸಿದ್ದ. ಕೂಗಿದರೆ ಕೇಳಿಸುವಷ್ಟು ದೂರದಲ್ಲಿ ಇದ್ದವಳು ಓರ್ವಿಲ್‌ನ ಹೆಂಡತಿ ಐಡೆಲ್ಲಾ ಒಬ್ಬಳೇ. ಅವಳೂ ತಂಗಿಯ ಮನೆಗೆ ಹೋಗಿದ್ದಳು.

"ನೀವ್ಯಾಕೆ ಬಂದ್ರಿ ಹೈರಮ್?"

"ನಿನ್ ಗಾಡಿ ನೋಡ್ದೆ. ನೀನ್ ಯಾಕ್ ಬಂದೆ ಅದನ್ನ ಹೇಳು."

ಹೆದರಿಕೆ ಒಂದು ಹದ ದಾಟಿದರೆ ನನಗೆ ಬಾಯಿ ಬರುತ್ತದೆ. ಹುಟ್ಟುಗುಣ. ಅದರಿಂದ ಪೆಟ್ಟು ತಿಂದದ್ದೂ ಇದೆ.

"ನಿಮಗೋಸ್ಕರಾನೇ ಬಂದೆ. ನೀವು ರಿಪೇರಿ ಮಾಡಿದ ಗನ್ ಮುಟ್ಟಿದ್ರೆ ಕೈ ಹೋಗತ್ತೆ ಅಂತ ಓರ್ವಿಲ್ ಊರೆದುರಿಗೆ ಹೇಳಿದ್ರು. ನಿಮ್ಮ ಅಂಗಡಿಗೆ ನೊಣ ಕೂಡ ಬರ್ತಿಲ್ಲ ಈಗ. ಈ ಮುದುಕನ್ನ ಒಂದಿನ ನೋಡ್ಕೋತೀನಿ ಅಂತ ನೀವು ಹೇಳಿದ್ದನ್ನ ಕೇಳಿದವರಿದಾರೆ."

ಹೈರಮ್‌ನ ಮುಖ ಕೆಂಪಾಯಿತು. "ಹೇಳ್ದೆ. ಬೇಕಾದ್ರೆ ಬೈಬಲ್ ಮುಟ್ಟಿ ಹೇಳ್ತೀನಿ, ಹೇಳ್ದೆ. ಆಮೇಲೆ ಇಬ್ರೂ ಇಲ್ಲೇ ಕೂತು ಕಾಫಿ ಕುಡಿದ್ವಿ. ಅದನ್ನ ನೋಡಿದವರು ಯಾರೂ ಬಂದು ನಿಂಗೆ ಹೇಳ್ಲಿಲ್ವಾ?"

"ಇಲ್ಲ."

"ಹೇಳಲ್ಲ. ಜಗಳ ಆದ್ರೆ ಊರಿಗೆಲ್ಲ ಗೊತ್ತಾಗತ್ತೆ. ರಾಜಿ ಆದ್ರೆ ಯಾವನಿಗ್ ಬೇಕು."

ಅವನು ಒಂದು ಹೆಜ್ಜೆ ಮುಂದೆ ಬಂದ. ನಾನು ಒಂದು ಹೆಜ್ಜೆ ಹಿಂದೆ ಸರಿದೆ. ಬೆನ್ನಿಗೆ ಬೆಂಚು ತಾಗಿತು. ಬೆಂಚಿನ ಮೇಲೆ ಓರ್ವಿಲ್‌ನ ಮೆಷಿನ್ ಇತ್ತು.

ಅದನ್ನು ಕಾಣದವರು ನಮ್ಮ ಕಡೆ ಇಲ್ಲ. ಎರಕ ಹೊಯ್ದ ಸೀಸದ ಗುಂಡನ್ನು ಅದರ ಅಚ್ಚಿನೊಳಗೆ ಇಟ್ಟು ಹಿಡಿ ಎಳೆದರೆ ಗುಂಡು ಸರಿಯಾದ ಅಳತೆಗೆ ಬರುತ್ತದೆ. ಜೊತೆಗೆ ಸುತ್ತ ಇರುವ ಗೀರುಗಳಿಗೆ ಮೇಣ ತುಂಬಿಕೊಳ್ಳುತ್ತದೆ. ಮೇಣವಿಲ್ಲದ ಸೀಸ ಬಂದೂಕಿನ ನಳಿಗೆಯನ್ನು ಹಾಳು ಮಾಡಿಬಿಡುತ್ತದೆ. ಓರ್ವಿಲ್ ಬಳಸುತ್ತಿದ್ದದ್ದು ತಾನೇ ಕುದಿಸಿ ಮಾಡಿದ ಹಸಿರು ಮೇಣ, ಕಲ್ಲಿನಷ್ಟು ಗಟ್ಟಿ. ನಮ್ಮ ಮೊಂಟಾನಾದ ಚಳಿಯಲ್ಲಿ ಅದು ಅಲ್ಲಾಡಬೇಕಾದರೆ ಬಿಸಿ ಬೇಕು. ಅದಕ್ಕೇ ಮೆಷಿನ್ನಿನ ಬುಡಕ್ಕೆ ಹೀಟರ್ ಕೂರಿಸಿ, ನಡುಮನೆಯ ದೀಪದ ರೆಗ್ಯುಲೇಟರ್ ಕಿತ್ತು ತಂದು ಅದಕ್ಕೆ ಜೋಡಿಸಿದ್ದ. ಐಡೆಲ್ಲಾ ಬಹಳ ದಿನ ಮಾತು ಬಿಟ್ಟಿದ್ದಳಂತೆ. ಆಮೇಲೆ ಅವಳೇ ತನ್ನ ಉಗುರುಬಣ್ಣ ತಂದು, ಯಾವ ಹದಕ್ಕೆ ನಿಲ್ಲಿಸಬೇಕೋ ಅಲ್ಲಿ ಕೆಂಪು ಗೆರೆ ಎಳೆದುಕೊಟ್ಟಳು.

ಬುಧವಾರಗಳಂದು ನಾಲ್ಕು ಗಂಡಸರು ಇಲ್ಲಿ ಸೇರುತ್ತಿದ್ದರು. ಓರ್ವಿಲ್, ಹೈರಮ್, ನೆಲ್ಸ್, ಗಾರ್ತ್. ಅಚ್ಚು ಒಂದೇ ಇದ್ದದ್ದರಿಂದ ನಾಲ್ವರ ರಿವಾಲ್ವರೂ ಒಂದೇ ಅಳತೆಯದು. ಓರ್ವಿಲ್‌ನ ಎದೆಯ ಗಾಯಕ್ಕೂ ಆ ಅಳತೆ ಹೊಂದಿತ್ತು, ನೆಲ್ಸ್ ಸಿಕ್ಕಿಕೊಂಡದ್ದೇ ಅದರಿಂದ. ಕರುಗಳ ಹತ್ತಿರ ಬಂದ ತೋಳವನ್ನು ಹೆದರಿಸಲು ಅವನು ಆ ದಿನ ಬೆಳಿಗ್ಗೆಯಷ್ಟೇ ಗುಂಡು ಹಾರಿಸಿದ್ದ. ಶೆರಿಫ್ ಅವನ ನಳಿಗೆ ಮೂಸಿ ನೋಡಿ ಕೇಸು ಮುಗಿಸಿಬಿಟ್ಟಿದ್ದ.

ಈಗ ಮೆಷಿನ್ ತಣ್ಣಗಿತ್ತು. ಶೆರಿಫ್‌ನವರು ಶೆಡ್ಡಿನ ಕರೆಂಟು ತೆಗೆಸಿದ್ದರು. ಅದರ ಬುಡದಿಂದ ಕಂದು ಮೇಣ ಧಾರೆಯಾಗಿ ಇಳಿದು, ಬೆಂಚಿನ ಮೇಲೆ ಹರಡಿ ಹೆಪ್ಪುಗಟ್ಟಿತ್ತು.

"ನೋಡಿ ಇದನ್ನ" ಎಂದೆ. "ಕೊಲೆಗಾರ ಶನಿವಾರ ಇಲ್ಲಿ ಕೂತು ಗುಂಡಿಗೆ ಮೇಣ ತುಂಬಿದಾನೆ. ತಡ್ಕೊಳೋಕಾಗದೆ ಹೀಟರ್ ಹೆಚ್ಚು ಮಾಡಿ ಎಲ್ಲ ಕರಗಿಸಿಬಿಟ್ಟಿದಾನೆ. ಈ ಊರಲ್ಲಿ ಅಷ್ಟು ಅವಸರದ ಮನುಷ್ಯ ಒಬ್ಬರೇ. ಕಾಫಿ ಆರೋ ತನಕ ಕಾಯದೆ ದಿನಾ ನಾಲಿಗೆ ಸುಟ್ಕೊಳೋರು."

ಹೈರಮ್ ಮುಂದಕ್ಕೆ ಬಾಗಿದ. ನನ್ನನ್ನು ದಾಟಿ ಕೈ ಚಾಚಿದ. ಮುಗಿಯಿತು ಎಂದುಕೊಂಡು ಕಣ್ಣು ಮುಚ್ಚಿದೆ. ಅಯ್ಯೋ, ಎಂಥಾ ಡೆಪ್ಯುಟಿ ನಾನು, ಕಣ್ಣು ಮುಚ್ಚುವುದೆ!

ಅವನ ಕೈ ನನಗೆ ತಾಗಲಿಲ್ಲ. ಕಣ್ಣು ಬಿಟ್ಟಾಗ ಅವನ ದಪ್ಪ ಬೆರಳು ರೆಗ್ಯುಲೇಟರಿನ ಮೇಲಿತ್ತು.

"ಇದನ್ನ ಯಾರಾದ್ರೂ ಮುಟ್ಟಿದ್ರಾ? ಶೆರಿಫ್? ನೀನು?"

"ಇಲ್ಲ. ಮೇನ್ ಸ್ವಿಚ್ ಆರಿಸಿದ್ರು ಅಷ್ಟೆ. ಅವತ್ತು ತೆಗೆದ ಫೋಟೋದಲ್ಲೂ ಹೀಗೇ ಇದೆ."

"ಎಲ್ಲಿದೆ ನೋಡು."

ನೋಡಿದೆ. ತಿರುಗಣೆಯ ಮೂಗು ಕೆಂಪು ಗೆರೆಯ ಮೇಲೆ ನಿಂತಿತ್ತು. ಅತ್ತಲೂ ಇಲ್ಲ, ಇತ್ತಲೂ ಇಲ್ಲ.

"ಅವಸರದವನು ಅಂದ್ಯಲ್ಲ ನನ್ನ. ಹೌದು, ಅವಸರದವನೇ. ನಾನಾಗಿದ್ರೆ ಈ ಗೆರೆ ಗಿರೆ ನೋಡ್ತಿದ್ನಾ? ಕೊನೆ ತನಕ ತಿರುಗಿಸಿ ಬಿಸಾಕ್ತಿದ್ದೆ. ಅದಕ್ಕೇ ಅಲ್ವಾ ಓರ್ವಿಲ್ ಈ ತಿರುಗಣೆ ಮುಟ್ಟೋಕೆ ನನ್ನ ಬಿಡ್ತಾ ಇರ್ಲಿಲ್ಲ." ಒಂದು ಕ್ಷಣ ಏಪ್ರನ್ ಕಡೆ ನೋಡಿದ. "ಇದನ್ನ ತಿರುಗಿಸಿದವನು ಅವಸರದವನಲ್ಲ. ಹೇಳಿದ ಮಾತು ಕೇಳೋನು. ಬರೋಬ್ಬರಿ ಗೆರೆಗೆ ನಿಲ್ಸಿದಾನೆ."

"ಗೆರೆಗೆ ನಿಲ್ಸಿದ್ರೆ ಮೇಣ ಯಾಕ್ ಹೀಗೆ ಹರೀತು?"

"ಯಾಕಂದ್ರೆ ಇದು ಹಸಿರು ಮೇಣ ಅಲ್ಲ."

ನನ್ನ ನಾಲಿಗೆ ಮತ್ತೆ ಗುಳಿಗೆ ಹೋಯಿತು. ನಿಜ. ಕಂದು ಬಣ್ಣ. ಅಷ್ಟು ಹೊತ್ತು ಕಣ್ಣೆದುರಿಗಿದ್ದರೂ ಅದು ನನ್ನ ತಲೆಗೆ ಹೊಳೆದಿರಲಿಲ್ಲ.

ಹೈರಮ್ ಸ್ಟೂಲು ಎಳೆದು ಧೊಪ್ಪೆಂದು ಕೂತ.

"ನಿನಗೊಬ್ಬಳಿಗೇ ಭಯ ಅಂದ್ಕೊಂಡ್ಯಾ? ನೆಲ್ಸ್ ಅಲ್ಲ ಅಂತಾದ್ರೆ ಮುಂದೆ ನನ್ನೇ ಹಿಡಿಯೋದು. ಮನೆ ಬಾಗಿಲಿಗೆ ಅಗುಳಿ, ಅಂಗಡಿ ಬಾಗಿಲಿಗೆ ಅಗುಳಿ, ಇಲ್ಲೂ ಅಗುಳಿ. ಎಲ್ಲಿ ಹೋದ್ರೂ ಕೈ ತಾನಾಗೇ ಹಾಕತ್ತೆ. ಕೇಳು. ಹೋದ ಬುಧವಾರ ಓರ್ವಿಲ್ ಮೆಷಿನ್ ಪೂರ್ತಿ ತೊಳೆದು ಹೊಸ ಮೇಣ ತುಂಬಿದ. ಜೇನುಮೇಣದ್ದು, ಬೆಣ್ಣೆ ಥರ ಮೆತ್ತಗೆ. ಹೀಟರ್ ವೈರು ಕಿಡಿ ಹಾರಿಸ್ತಿತ್ತು, ಐಡೆಲ್ಲಾ ಶೆಡ್ ಸುಟ್ಟು ಹೋಗತ್ತೆ ಅಂತ ಜೀವ ತಿಂತಿದ್ಲು. ಅದಕ್ಕೆ ಬಿಸಿನೇ ಬೇಡದ ಮೇಣ ಮಾಡ್ದ. ಇನ್ಮೇಲೆ ಹೀಟರ್ ಮುಟ್ಟಿದೋರ ಕೈ ಮುರೀತೀನಿ ಅಂದ. ಆಮೇಲೆ ಆ ಹೆಸರಿನ ತಮಾಷೆ."

"ಯಾವ ಹೆಸರು?"

"ಗೊತ್ತಿಲ್ವಾ? ಗಾರ್ತ್ ಹೇಳಿಲ್ವಾ ನಿಂಗೆ? ಬಿಸಿ ಹದ ನೋಡೋದು ಹೇಗೆ ಅಂತ?"

ಗೊತ್ತಿತ್ತು. ಇಲ್ಲಿ ಥರ್ಮಾಮೀಟರ್ ಇರಲಿಲ್ಲ. ಅಂಗೈಯನ್ನು ಮೆಷಿನ್ನಿನ ಬುಡದ ಕಬ್ಬಿಣಕ್ಕೆ ಒತ್ತಿ ಹಿಡಿದು ಹೆಂಡತಿಯ ಪೂರ್ತಿ ಹೆಸರು ಹೇಳಬೇಕು, ತವರಿನ ಹೆಸರೂ ಸೇರಿಸಿ. ಹೇಳಿ ಮುಗಿಯುವ ಮೊದಲೇ ಕೈ ಎಳೆದುಕೊಂಡರೆ ಬಿಸಿ ಜಾಸ್ತಿ. ಮುಗಿದ ಮೇಲೂ ಹಾಯಾಗಿದ್ದರೆ ಇನ್ನೂ ಸಾಲದು. ಮುಗಿಯುವ ಹೊತ್ತಿಗೆ ಚುರುಕ್ ಎಂದರೆ ಸರಿಯಾದ ಹದ. ಹಿಡಿ ಎಳೆಯುವ ಮೊದಲು ಪ್ರತಿಯೊಬ್ಬನೂ ಹೀಗೆ ಮಾಡಲೇಬೇಕು, ಅದು ಶೆಡ್ಡಿನ ಕಾನೂನು. ಮದುವೆಯಾಗದ ನೆಲ್ಸ್ ನಮ್ಮಮ್ಮನ ಹೆಸರು ಹೇಳುತ್ತಿದ್ದ.

"ನಂದು ಒಂದಾದ ಮೇಲೊಂದು ಎರಡು ಮದುವೆ, ಇಬ್ಬರು ಹೆಂಡ್ತೀರ ಹೆಸರೂ ಹೇಳೋಷ್ಟೊತ್ತಿಗೆ ಚರ್ಮ ಸುಲಿದು ಹೋಗ್ತಿತ್ತು" ಎಂದು ಹೈರಮ್ ಮೂಗು ಒರೆಸಿಕೊಂಡ. "ಬುಧವಾರ ಓರ್ವಿಲ್ ಹೇಳ್ದ, ಇನ್ಮೇಲೆ ನಿಮ್ಮ ಹೆಂಡ್ತೀರಿಗೆಲ್ಲ ರಜ ಕಣ್ರೋ, ಮೆಷಿನ್ನಿಗೆ ಬಿಸಿ ಇಲ್ಲ, ಯಾರೂ ಹೆಸರು ಹೇಳಂಗಿಲ್ಲ ಅಂತ. ನೆಲ್ಸ್ ನಕ್ಕು ನಕ್ಕು ಕಾಫಿ ಚೆಲ್ಲಿದ."

"ನೆಲ್ಸ್ ಇದ್ನಾ ಅವತ್ತು?" ನನ್ನ ದನಿ ಕೀರಲಾಯಿತು.

"ಇದ್ದ ಅಂತೀನಲ್ಲ. ಅವನಿಗೂ ಗೊತ್ತು, ನಂಗೂ ಗೊತ್ತು, ಹೀಟರ್ ಹಾಕ್ಬಾರ್ದು ಅಂತ. ಇದನ್ನ ಹಾಕಿದವನು ಹಳೇ ಕಾನೂನು ಗೊತ್ತಿದ್ದವನು. ಹೊಸ ಕಾನೂನು ಗೊತ್ತಿಲ್ಲದವನು."

ನನ್ನ ಎದೆಯ ಮೇಲಿನ ಭಾರ ಇಳಿದ ಹಾಗಾಯಿತು. ನೆಲ್ಸ್ ಅಲ್ಲ! ಇಷ್ಟು ದಿನ ಅವನು ಅಲ್ಲ ಎಂದು ಊರಿಗೆಲ್ಲ ಹೇಳುತ್ತಿದ್ದೆ. ಒಳಗೊಳಗೆ ನನಗೂ ಒಂದು ಚೂರು ಅನುಮಾನವಿತ್ತು ಎನ್ನುವುದು ಅದು ಹೋದಾಗಲೇ ತಿಳಿಯಿತು.

ಕೈಗವಸು ಬಿಚ್ಚಿ ಸೀಸದ ಉಂಡೆಯನ್ನು ಅವನ ಮುಂದೆ ಇಟ್ಟೆ. "ಇದು ಗೋಡೇಲಿತ್ತು."

ಅವನು ಅದನ್ನು ಎತ್ತಿದ. ತೂಕ ನೋಡಿದ. ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿದ. ಉಗುರಿನಿಂದ ಒಂದು ಅಂಚನ್ನು ಕೆರೆದ. ಮುಖದ ಕೆಂಪು ಮೆಲ್ಲಗೆ ಇಳಿಯಿತು.

"ಐಡೆಲ್ಲಾ ಎಷ್ಟು ಸದ್ದು ಕೇಳಿಸ್ಕೊಂಡ್ಲು?"

"ಎರಡು. ಮೊದಲು ಉಪ್ಪಿನಕಾಯಿ ಜಾಡಿ ಮುಚ್ಚಳ ತೆಗೆದ ಹಾಗೆ ಟಪ್ ಅಂತ. ಆಮೇಲೆ ದೊಡ್ಡದು. ಶೆರಿಫ್ ನಂಬ್ಲಿಲ್ಲ, ಮುದುಕಿ ಕಿವಿ ಅಂದ್ರು."

"ಮುದುಕಿ ಕಿವಿ ಸರಿಯಾಗೇ ಇದೆ. ಇದು ಒಂದು ಗುಂಡಲ್ಲ ರೊವೀನಾ. ಎರಡು. ಒಂದರ ಬೆನ್ನಿಗೆ ಇನ್ನೊಂದು ಹೊಕ್ಕಿದೆ."

ಬಗ್ಗಿ ನೋಡಿದೆ. ಈಗ ಕಂಡಿತು. ಎರಡು ಬುಡ, ಎರಡು ಸಾಲು ಗೀರು, ನಡುವೆ ಬೆಸೆದುಕೊಂಡ ಸೀಸ.

"ಮೇಣ ನೀರಾಗಿ ಗುಂಡಿನ ಬುಡಕ್ಕೆಲ್ಲ ಹರಿದಿದೆ" ಎಂದ ಹೈರಮ್. "ಆ ಮನುಷ್ಯ ಸರಿಯಾಗಿ ಒರೆಸದೆ ಅದನ್ನೇ ಮದ್ದಿನ ಮೇಲೆ ಕೂರಿಸಿದಾನೆ. ಮದ್ದು ಜಿಡ್ಡಾಯ್ತು. ಹಾರಿಸಿದ್ರೆ ಟಪ್ ಅಂತು, ಗುಂಡು ಅರ್ಧ ದಾರೀಲಿ ನಳಿಗೇಲೇ ಸಿಕ್ಕೊಳ್ತು. ಗಾಬರೀಲಿ ಇನ್ನೊಂದ್ಸಲ ಬಂದೂಕಿನ ಕುದುರೆ ಎಳೆದ. ಎರಡನೇದು ಮೊದಲನೇದನ್ನ ಗುದ್ದಿ, ಎರಡೂ ಒಟ್ಟಿಗೆ ಆಚೆ ಬಂದ್ವು. ಓರ್ವಿಲ್ ಎದೆಗೆ." ಅವನು ಉಂಡೆಯನ್ನು ಮೆತ್ತಗೆ ಕೆಳಗಿಟ್ಟ. "ಹಾಗಾದ್ರೆ ನಳಿಗೆ ಸುಮ್ನಿರಲ್ಲ. ಗುದ್ದು ಬಿದ್ದ ಜಾಗದಲ್ಲಿ ಉಬ್ಬತ್ತೆ. ಸುತ್ತಲೂ ಉಂಗುರದ ಹಾಗೆ. ನೋಡಿದ್ರೆ ಕಾಣದೇ ಇರಬಹುದು, ಬೆರಳಾಡಿಸಿದ್ರೆ ತಪ್ಪಲ್ಲ."

ಕೊಲೆ ಮಾಡಿದ ಬಂದೂಕಿಗೆ ಗುರುತಿದೆ. ನೆಲ್ಸ್‌ನದು ಶೆರಿಫ್‌ನ ಬೀರುವಿನಲ್ಲಿತ್ತು. ಅದರ ಮೇಲೆ ಒಂದು ಸಲ ಬೆರಳಾಡಿಸಿದರೆ ನನ್ನ ತಮ್ಮ ನಾಳೆ ಮನೆಗೆ ಬರುತ್ತಾನೆ!

"ನಿಮ್ಮದು ತೋರಿಸಿ" ಎಂದೆ.

ಬೈಯುತ್ತಾನೆ ಎಂದುಕೊಂಡಿದ್ದೆ. ಬೈಯಲಿಲ್ಲ. ಸೊಂಟದಿಂದ ರಿವಾಲ್ವರ್ ತೆಗೆದು, ತೋಟಾಗಳನ್ನು ಬೆಂಚಿನ ಮೇಲೆ ಸುರಿದು, ಗುಂಡು ತುಂಬುವ ಚಕ್ರವನ್ನೂ ಕಳಚಿ ಇಟ್ಟ. ಖಾಲಿ ನಳಿಗೆಯನ್ನು ಕಿಟಕಿಯ ಕಡೆ ಹಿಡಿದು ನನಗೆ ತೋರಿಸಿದ. ಒಳಗೆ ಥಳಥಳ. ಹೊರಗೆ ಬೆರಳಾಡಿಸಿದೆ, ನುಣ್ಣಗಿತ್ತು.

"ಸಮಾಧಾನ ಆಯ್ತಾ?"

"ಆಯ್ತು. ಹೈರಮ್, ನಾನು ತಪ್ಪು ತಿಳ್ಕೊಂಡೆ."

"ಊರೆಲ್ಲ ತಿಳ್ಕೊಂಡಿದೆ, ಅದರಲ್ಲಿ ನೀನೂ ಒಬ್ಳು. ಈಗ ನಿಂದು ತೋರಿಸು."

"ನಂದಾ?"

"ನಾನ್ ತೋರಿಸ್ಲಿಲ್ವಾ? ನ್ಯಾಯ ಅಂದ್ರೆ ನ್ಯಾಯ."

ನಗು ಬಂತು. ಶನಿವಾರದಿಂದ ಮೊದಲ ಸಲ ನಗು ಬಂದದ್ದು. ಒರೆಯಿಂದ ಗಾರ್ತ್‌ನ ರಿವಾಲ್ವರ್ ತೆಗೆದೆ. ತೆಗೆಯುವಾಗಲೇ ಮತ್ತೆ ಆ ಜೇನಿನ ವಾಸನೆ ಮೂಗಿಗೆ ಬಡಿಯಿತು. ಬೆಂಚಿನ ಮೇಲಿನ ವಾಸನೆ, ಉಂಡೆಯ ವಾಸನೆ, ಒರೆಯ ವಾಸನೆ. ಮೂರೂ ಒಂದೇ. ನನ್ನ ನಗು ಅಲ್ಲೇ ನಿಂತುಹೋಯಿತು.

ನಳಿಗೆಯ ಮೇಲೆ ಬೆರಳಿಟ್ಟೆ. ತುದಿಯಿಂದ ಹಿಂದಕ್ಕೆ ಎಳೆದೆ. ನುಣುಪು, ನುಣುಪು, ನುಣುಪು. ಆಮೇಲೆ ಬೆರಳು ಏನನ್ನೋ ಹತ್ತಿ ಇಳಿಯಿತು.

ಇನ್ನೊಂದು ಸಲ ಎಳೆದೆ. ಹತ್ತಿ ಇಳಿಯಿತು. ಸುತ್ತಲೂ ತಡವಿದೆ. ಉಂಗುರ.

ಹೈರಮ್ ನನ್ನ ಮುಖ ನೋಡಿದ. ರಿವಾಲ್ವರನ್ನು ನನ್ನ ಕೈಯಿಂದ ತೆಗೆದುಕೊಂಡು ತಾನೂ ತಡವಿದ. ಒಂದು ತೋಟಾ ಬಿಡಿಸಿ ಉಗುರಿನಲ್ಲಿ ಕೆರೆದ. ಉಗುರಿಗೆ ಕಂದು ಜಿಡ್ಡು ಅಂಟಿತು. ಸಾಕ್ಷಿ ಇದ್ದ ಹಾಗೇ ಇರಲಿ ಎಂದು ಅದನ್ನು ಮತ್ತೆ ತುಂಬಿ ನನ್ನ ಕೈಗೆ ವಾಪಸ್ಸು ಕೊಡುವಾಗ ಅವನ ದನಿ ಪಿಸುಮಾತಾಗಿತ್ತು.

"ಇದನ್ನ ಹಾರಿಸಬೇಡ. ಯಾವ ಕಾರಣಕ್ಕೂ ಹಾರಿಸಬೇಡ. ಇನ್ನೊಂದ್ಸಲ ಸಿಕ್ಕೊಂಡ್ರೆ ನಿನ್ನ ಕೈಯಲ್ಲೇ ಒಡೆಯತ್ತೆ. ಯಾರು ಕೊಟ್ರು ನಿಂಗಿದು?"

ಯಾರು ಕೊಟ್ಟರೆಂದು ಅವನಿಗೆ ಗೊತ್ತಿತ್ತು. ಹಿಡಿಯ ಮೇಲೆ ಗಾರ್ತ್ ತಾನೇ ಕೆತ್ತಿದ ಎಲ್ಕ್ ಜಿಂಕೆಯ ಕೊಂಬು ನಾಲ್ವರಿಗೂ ಪರಿಚಯ.

ಇಲ್ಲ. ಇರಲಾರದು. ಓರ್ವಿಲ್‌ನನ್ನು ಕೊಲ್ಲಲು ಅವನಿಗೇನು ಕಾರಣ, ನನಗೆ ಒಂದೂ ಹೊಳೆಯಲಿಲ್ಲ. ಗಾರ್ತ್ ಶನಿವಾರ ದನಗಳಿಗೆ ಹುಲ್ಲು ಹಾಕಲು ಹೋಗಿದ್ದ. ಒಬ್ಬನೇ ಹೋಗಿದ್ದ. ಬಂದವನೇ ಅಂಗಿ ಬಿಚ್ಚಿ ತಾನೇ ಒಗೆದು ಹಾಕಿದ್ದ. ನಾನು ಅದನ್ನೂ ಅಕ್ಕರೆಯ ಲೆಕ್ಕಕ್ಕೆ ಸೇರಿಸಿಕೊಂಡಿದ್ದೆ.

"ಹೈರಮ್, ಹೋದ ಬುಧವಾರ..." ಎಂದೆ.

"ಮೂರೇ ಜನ ಇದ್ವಿ" ಎಂದ ಅವನು. "ಓರ್ವಿಲ್, ನೆಲ್ಸ್, ನಾನು. ಗಾರ್ತ್ ಎಲ್ಲಿ ಅಂತ ಕೇಳ್ದೆ. ನಿನ್ನ ಹಲ್ಲು ಕೀಳ್ಸೋಕೆ ಬಿಲ್ಲಿಂಗ್ಸ್‌ಗೆ ಕರ್ಕೊಂಡು ಹೋಗಿದಾನೆ ಅಂದ ನೆಲ್ಸ್."

ನಾಲಿಗೆ ಗುಳಿಯಲ್ಲೇ ಇತ್ತು. ಆ ದಿನವೆಲ್ಲ ಗಾರ್ತ್ ನನ್ನ ಜೊತೆಗಿದ್ದ. ಡಾಕ್ಟರ ಕುರ್ಚಿಯ ಪಕ್ಕ ನಿಂತು ನನ್ನ ಕೈ ಹಿಡಿದುಕೊಂಡಿದ್ದ. ಯಾವ ಕೋರ್ಟಿನಲ್ಲಿ ಬೇಕಾದರೂ ನಿಂತು ನಾನು ಪ್ರಮಾಣ ಮಾಡಿ ಹೇಳಬಲ್ಲೆ. ಹೇಳಿದರೆ ನನ್ನ ತಮ್ಮ ಉಳಿಯುತ್ತಾನೆ, ಗಂಡನ ಕತೆ ಮುಗಿಯುತ್ತದೆ.

ಅಷ್ಟರಲ್ಲಿ ದೂರದಿಂದ ಒಂದು ಕೀರಲು ಸದ್ದು ಬಂತು. ಇಂಜಿನ್ನಿನ ಬೆಲ್ಟು ಸವೆದ ಪಿಕಪ್ಪಿನ ಸದ್ದು. ಬದಲಾಯಿಸು ಎಂದು ಚಳಿಗಾಲವೆಲ್ಲ ಹೇಳಿದ್ದೆ. ದಾರಿ ತಿರುಗುವಲ್ಲಿಂದಲೇ ಆ ಸದ್ದು ಗುರುತಿಸಿ ಒಲೆಯ ಮೇಲೆ ಅವನ ಕಾಫಿ ಇಡುತ್ತಿದ್ದವಳು ನಾನು.

ಹೈರಮ್ ತನ್ನ ಚಕ್ರಕ್ಕೆ ಕೈ ಹಾಕಿದ. ಅವಸರದ ಬೆರಳಿಗೆ ಅದು ಜೋಡಣೆಯಾಗಲಿಲ್ಲ. ಸದ್ದು ಹತ್ತಿರ ಬಂದು ನಿಂತಿತು. ಗಾಡಿಯ ಬಾಗಿಲು ಬಡಿದ ಸದ್ದು. ಬೂಟು. ನಾನು ಉಂಡೆಯನ್ನು ಕೈಗವಸಿಗೂ ರಿವಾಲ್ವರನ್ನು ಒರೆಗೂ ಸೇರಿಸಿದೆ.

"ರೋ? ಒಳಗಿದ್ದೀಯಾ ಚಿನ್ನಾ? ಅಗುಳಿ ಯಾಕ್ ಹಾಕ್ಕೊಂಡಿದೀಯ?"

ತೆರೆಯದಿದ್ದರೆ ಅವನಿಗೆ ಎಲ್ಲ ಗೊತ್ತಾಗುತ್ತದೆ. ತೆರೆದರೆ, ಗೊತ್ತಾಗದೆ ಹೋದರೂ ಹೋಗಬಹುದು. ಹೈರಮ್ ಬೇಡ ಎಂದು ತಲೆಯಾಡಿಸಿದ. ನಾನು ಹೋಗಿ ಅಗುಳಿ ತೆಗೆದೆ.

ಗಾರ್ತ್ ನಗುತ್ತಾ ಬಂದ. ಟೋಪಿಯ ಅಂಚಿನಲ್ಲಿ ಹಿಮ, ಕಂಕುಳಲ್ಲಿ ಕಾಫಿ ಫ್ಲಾಸ್ಕು. ನನ್ನ ಹಣೆಗೆ ಮುತ್ತು ಕೊಟ್ಟ. ತುಟಿ ತಣ್ಣಗಿತ್ತು.

"ನೀನು ಮನೇಲಿಲ್ಲ ಅಂದಾಗ್ಲೇ ಅಂದ್ಕೊಂಡೆ ಇಲ್ಲೇ ಬಂದಿರ್ತೀಯ ಅಂತ. ಊಟ ಮಾಡಿದ್ಯಾ? ಮುಖ ನೋಡು, ಹೆಣದ ಹಾಗೆ ಬಿಳಿಚಿದೆ. ಹೋ, ಹೈರಮ್! ನೀನೂ ಇಲ್ಲೇ ಇದೀಯಾ?"

"ಇದೀನಿ" ಎಂದ ಹೈರಮ್.

"ಏನ್ ಮಾಡ್ತಿದ್ರಿ ಇಬ್ರೂ?"

"ಸುಮ್ನೆ" ಎಂದೆ. "ಓರ್ವಿಲ್ ನೆನಪಾದ್ರು."

"ಪಾಪದ ಮುದುಕ" ಎಂದ ಗಾರ್ತ್. ಬೆಂಚಿನ ಹತ್ತಿರ ಹೋಗಿ ಫ್ಲಾಸ್ಕು ಇಟ್ಟ. ಬಲಗೈಯ ಗವಸು ಬಿಚ್ಚಿದ. ವರ್ಷಗಳಿಂದ ಪ್ರತಿ ಬುಧವಾರ ಮಾಡಿದ ಹಾಗೆ, ಯೋಚನೆಯನ್ನೇ ಮಾಡದೆ, ಅಂಗೈಯನ್ನು ಮೆಷಿನ್ನಿನ ತಣ್ಣನೆಯ ಕಬ್ಬಿಣಕ್ಕೆ ಒತ್ತಿದ. ಅವನ ತುಟಿ ಅಲ್ಲಾಡಿತು.

"ರೊವೀನಾ ಜೂನ್ ಹಾಲ್ವರ್ಸನ್ ಮೆಕ್ರೀ."

ನನ್ನ ಹೆಸರು. ಶನಿವಾರವೂ ಇದೇ ಕಬ್ಬಿಣದ ಮೇಲೆ ಕೈಯಿಟ್ಟು, ಇದೇ ಹೆಸರು ಹೇಳಿ, ಹದ ನೋಡಿ, ಆಮೇಲೆ ಹಿಡಿ ಎಳೆದಿದ್ದ.

ಹೈರಮ್‌ನ ಕೈಯಿಂದ ಚಕ್ರ ಜಾರಿ ಬೆಂಚಿನ ಮೇಲೆ ಠಣ್ಣೆಂದು ಬಿತ್ತು. ಗಾರ್ತ್ ಅದನ್ನು ನೋಡಿದ. ಚಕ್ರ ಕಳಚಿದ ರಿವಾಲ್ವರನ್ನು ನೋಡಿದ. ಗೋಡೆಯ ದಿಮ್ಮಿಯಲ್ಲಿ ಹೊಸದಾಗಿ ಕೆತ್ತಿದ ಬಿಳಿಯ ಗುಳಿಯನ್ನು ನೋಡಿದ. ಕೊನೆಗೆ ನನ್ನನ್ನು ನೋಡಿದ. ನಗು ಇನ್ನೂ ಮುಖದ ಮೇಲೆಯೇ ಇತ್ತು.

ಅವನ ಬಲಗೈ ಕಬ್ಬಿಣದ ಮೇಲಿಂದ ಏಳಲಿಲ್ಲ. ಎಡಗೈಯನ್ನು ನನ್ನ ಕಡೆ ಚಾಚಿದ.

"ನನ್ನ ಗನ್ ಕೊಡು ರೋ" ಎಂದ ಮೆಲ್ಲಗೆ. "ಇಲ್ಲಾಂದ್ರೆ ಹಾರಿಸು."